ಬಂದ್ ಮಾಡಬಾರದ ವ್ಯಾನು

ಮಾರ್ಚ್ 3, ಮಂಗಳವಾರ

ಇವತ್ತೂ ಸೆಲ್ಫ್ ಹಿಡಿಯಲಿಲ್ಲ. ಬರೀ ಕಟಕಟ. ಅರ್ಧ ಓಣಿ ಬಂದು ವ್ಯಾನು ನೂಕಿತು. ಎದುರುಮನೆ ಗೌಹರಬೇಗಂ ಸೆರಗು ಸಿಕ್ಕಿಸಿ ನೂಕುತ್ತಲೇ, "ಏನವ್ವಾ, ಈ ಗಾಡಿ ಪೆಟ್ರೋಲ್ ಮ್ಯಾಲ ನಡೀತೈತೋ, ನಮ್ಮ ರೊಟ್ಟಿ ಮ್ಯಾಲೋ?" ಎಲ್ಲರೂ ನಕ್ಕರು. ನಾನೂ.

ಮಗಳು ಯಶೋಧರಾಗೆ ಹತ್ತು ತಿಂಗಳು. ಎದೆಯಲ್ಲಿ ಗೊರಗೊರ. ಮೂರ್ನಾಲ್ಕು ದಿನಕ್ಕೊಮ್ಮೆ ಸುರಪುರದಿಂದ ಶಹಾಪುರಕ್ಕೆ ಒಯ್ದು ಹಬೆ ಕೊಡಿಸಬೇಕು. ಬಸ್ಸಿನ ಧೂಳಿಗೆ ಉಸಿರೇ ಕಟ್ಟುತ್ತದೆ ಅವಳಿಗೆ. ರಾತ್ರಿಯೆಲ್ಲ ಅವಳ ಉಸಿರು ಕೇಳುತ್ತಾ ಕೂತಿದ್ದೆ.

ಮಾರ್ಚ್ 6

ಮೆಕ್ಯಾನಿಕ್ ನೀಲಕಂಠ ಸೆಲ್ಫ್ ಮೋಟರ್ ಬಿಚ್ಚಿಟ್ಟ. "ಸೋಮವಾರ ಕೊಡ್ತೀನ್ರಿ ಅಕ್ಕಾರ. ಅಲ್ಲೀತನ ನೂಕಿ ಚಾಲೂ ಮಾಡ್ರಿ. ದಾರ್ಯಾಗ ಮಾತ್ರ ಬಂದ್ ಮಾಡಬ್ಯಾಡ್ರಿ."

ಇವರಿಗೆ ಕಡೇಚೂರಿನಲ್ಲಿ ಫ್ಯಾಕ್ಟರಿ ಶಿಫ್ಟು, ಭಾನುವಾರವಷ್ಟೇ ಮನೆ. ಫೋನಿನಲ್ಲಿ, "ಅಪ್ಪನ ಗಾಡಿ ಐತಿ, ಜ್ವಾಕಿ." ಗಾಡಿ ಜೋಕೆಯಂತೆ.

ಮಾರ್ಚ್ 7

ಇವತ್ತು ಬರೆಯಲು ಆಗಲ್ಲ.

ಮಾರ್ಚ್ 8, ಭಾನುವಾರ, ಬೆಳಿಗ್ಗೆ

ನಿನ್ನೆ ಹಬೆ ಕೊಡಿಸಿ ಬರುವಾಗ ಔಷಧ ಅಂಗಡಿ ಮುಂದೆ ನಿಲ್ಲಿಸಿದೆ. ಇಂಜಿನ್ ಚಾಲೂ. ದವಾಖಾನೆಯವರು ಆಗಲೇ ಒಮ್ಮೆ ನೂಕಿದ್ದರು, ಮತ್ತೆ ಯಾರನ್ನು ಕೇಳಲಿ? ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಎರಡೇ ನಿಮಿಷ... ಇಳಿದೆ. ಬಾಗಿಲು ಠಪ್. ಜೋರಾಗಿ ಹಾಕಿದರೆ ಲಾಕ್ ತಾನೇ ಬೀಳುವ ಬಾಗಿಲು ಅದು. ಗೊತ್ತಿತ್ತು. ನಿದ್ದೆಗಣ್ಣು, ಮರೆತೆ. ಧೂಳಿಗೆಂದು ಎಲ್ಲ ಗಾಜೂ ಏರಿಸಿದ್ದೆ. ಕೀಲಿ ಒಳಗೆ.

ಎದ್ದಳು. ನನ್ನನ್ನು ಕಂಡು ಎರಡೂ ಕೈ ಚಾಚಿ ಅಳತೊಡಗಿದಳು. ಜನ ಸೇರಿದರು — ತಂತಿ ತರ್ರಿ, ಸ್ಕೇಲ್ ತರ್ರಿ. ಯಾರೋ ಬೈದರು, "ಇದರ ತಾಯಿ ಎಲ್ಲಿ ಹಾಳಾಗಿ ಹೋಗ್ಯಾಳ?" ನಾನೂ ಜನರ ನಡುವೆ ನಿಂತು ಬಾಗಿಲು ಜಗ್ಗಿದೆ. ಆಮೇಲೆ ಅಳು ನಿಂತಿತು. ಅಳು ನಿಂತದ್ದೇ ನೋಡಲಾಗಲಿಲ್ಲ. ಕಲ್ಲು ಎತ್ತಿ ಮುಂದಿನ ಬಾಗಿಲ ಗಾಜಿಗೆ ಹೊಡೆದೆ. ನನ್ನ ಎಡಗೈಗೆ ಮೂರು ಹೊಲಿಗೆ. ಅವಳಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ.

ಸಂಜೆ

ಇವರು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಮಂಗ್ಯಾ ಒಡದಾವಪ್ಪಾ ಗಾಜ."

"ಅವಕ್ಕೂ ನಮ್ಮ ಗಾಡೀನೇ ಬೇಕಾತೇನು! ನಿನ್ನ ಕೈಗೇನಾತು?"

"ಚೂರು ಆರಿಸಾಕ ಹೋಗಿದ್ಳು," ಅದಕ್ಕೂ ಅತ್ತೆಯದೇ ಉತ್ತರ.

ಆಮೇಲೆ ಅತ್ತೆ ಒಳಗೆ ಬಂದು ನನ್ನ ರಟ್ಟೆ ಹಿಡಿದರು. "ಹೇಳಿದಿ ಅಂದ್ರ ಕೀಲಿ ಕಸ್ಗೋತಾನ. ಮುಂದ ಕೂಸಿನ್ನ ದವಾಖಾನಿಗಿ ನಾ ಹೊತ್ಗೊಂಡು ಹೋಗ್ಲೇನು?"

ಈಗ ಇವರು ಒಡೆದ ಗಾಜಿಗೆ ರಟ್ಟು ಅಂಟಿಸುತ್ತಿದ್ದಾರೆ. ಮಗು ಹೆಗಲ ಮೇಲೆ. ಹೊರಗಿನಿಂದಲೇ ಕೂಗಿದರು, "ಬುಧವಾರ ಹಬಿ ಕೊಡ್ಸಾಕ ನೀನ ಒಯ್ಯಿ. ಕೂಸು ನಿನ್ನ ಕೂಡ ಇದ್ರ ನನಗ ಚಿಂತಿಲ್ಲ ನೋಡು."

ಹೂಂ ಅಂದೆ. ಅಂದುಬಿಟ್ಟೆ. ಇಲ್ಲ, ಎದ್ದು ಹೋಗಿ ಈಗಲೇ ನಿಜ ಹೇಳಿ...