ಆಸ್ಪತ್ರೆಯ ಕಾಗದದಲ್ಲಿ ನಾನು ನಿನ್ನ ತಂಗಿ

ವನಕ್ಕಾ, ನನ್ನ ಹಟಮಾರಿ ಅಕ್ಕಾ,

ನಿನ್ನ ಇಡ್ಲಿ ಪಾತ್ರೆ ಇನ್ನೂ ನನ್ನ ಮನೆಗೂ ನಿಮ್ಮ ಮನೆಗೂ ಓಡಾಡುತ್ತಲೇ ಇದೆ. ವಾಪಸ್ ಕೊಟ್ಟು ಬರೋಣ ಎಂದು ಹೋದಾಗಲೆಲ್ಲ ಮಿಚಿಕೋ-ಸಾನ್ ಅದರೊಳಗೆ ಒಂದಿಷ್ಟು ಕಿತ್ತಳೆಯನ್ನೋ ಗೆಣಸನ್ನೋ ತುಂಬಿ ನನ್ನ ಕೈಗೇ ಕೊಟ್ಟು ಕಳಿಸುತ್ತಾರೆ. ಖಾಲಿ ಪಾತ್ರೆ ಕೊಡಬಾರದು ಎಂದು ಅವರಿಗೆ ಕಲಿಸಿದವಳು ನೀನೇ ತಾನೆ? ಈಗ ಆ ಭಾರವನ್ನು ಒಸಾಕಾದ ರೈಲಿನಲ್ಲಿ ಹೊರುತ್ತಿರುವವಳು ನಾನು.

ನಾವು ಮೊದಲು ಸಿಕ್ಕಿದ್ದು ಸ್ಟೇಷನ್ ಎದುರಿನ ಕೊಂಬಿನಿ ಅಂಗಡಿಯಲ್ಲಿ, ನೆನಪಿದೆಯಾ? ನಾನು ಈ ದೇಶಕ್ಕೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಯಾವ ಮೊಸರಿಗೆ ಸಕ್ಕರೆ ಹಾಕಿದ್ದಾರೋ ತಿಳಿಯದೆ, ಫೋನಿನಲ್ಲಿ ಅಮ್ಮನ ಹತ್ತಿರ ಗೋಳಾಡುತ್ತಾ ನಿಂತಿದ್ದೆ. ಹಿಂದಿನಿಂದ ಒಂದು ಕೈ ಬಂದು ನನ್ನ ಡಬ್ಬಿ ಕಿತ್ತುಕೊಂಡಿತು. "ಅದು ಪಾಯಸ ಇದ್ದಂಗಿರತ್ತೆ, ಇದನ್ನ ತಗೋ. ಮೈಸೂರಾ ನಿಂದು?" ಅಂದೆ ನೀನು. ಅಕ್ಕಿಯ ಮೇಲೆ ಬೆಳೆಯುವ ಬೂಷ್ಟಿನ ಬಗ್ಗೆ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ದೊಡ್ಡ ಮನುಷ್ಯೆ ಎಂದು ಆಮೇಲೆ ಗೊತ್ತಾಗಿ ನಿನ್ನನ್ನು 'ನೀವು' ಅಂದಿದ್ದಕ್ಕೆ, ಹಾಗೆ ಅಂದರೆ ಮನೆಗೇ ಸೇರಿಸಲ್ಲ ಎಂದು ಹೆದರಿಸಿದೆ. ಆ ಭಾನುವಾರವೇ ಊಟಕ್ಕೆ ಕರೆದೆ.

ಆ ಊಟವನ್ನು ಹೇಗೆ ಮರೆಯಲಿ? ಕೆಳಗೆ ಹೀಟರ್, ಮೇಲೆ ರಜಾಯಿ ಹೊದಿಸಿದ ಆ ಗಿಡ್ಡ ಮೇಜು, ಕೊತಾತ್ಸು. ಅದರೊಳಗೆ ಕಾಲು ಚಾಚಿದರೆ ಏನೋ ಗಟ್ಟಿಯಾಗಿ ತಾಗಿತು. ನೋಡಿದರೆ ಇಡ್ಲಿ ಹಿಟ್ಟಿನ ಪಾತ್ರೆ! ಹಿಟ್ಟು ಹುದುಗುವ ವಿಷಯದಲ್ಲೇ ಡಾಕ್ಟರೇಟ್ ಮಾಡಿದವಳ ಹಿಟ್ಟು ಒಸಾಕಾದ ಚಳಿಗೆ ಉಬ್ಬುತ್ತಿರಲಿಲ್ಲ. ಎದುರಿಗೆ ಕೂತ ಮಿಚಿಕೋ-ಸಾನ್ ಕಾಲು ಮಡಚಿಕೊಂಡೇ ಇದ್ದರು. ಹಿಂದಿನ ವಾರ ಒದ್ದು ಚೆಲ್ಲಿ ನಿನ್ನ ಕೈಲಿ ಬೈಸಿಕೊಂಡಿದ್ದರಂತೆ, ಪಾಪ.

ಅವತ್ತೇ ನಾನು ಆ ಎಡವಟ್ಟು ಮಾಡಿದ್ದು. ನೀನು ಕುಂಬಳಕಾಯಿಯ ಒಂದು ಹೋಳನ್ನು ಊಟದ ಕಡ್ಡಿಗಳಲ್ಲಿ ಎತ್ತಿ "ರುಚಿ ನೋಡು" ಅಂದೆ. ನಾನು ನನ್ನ ಕಡ್ಡಿಗಳನ್ನು ಚಾಚಿ, ಕಡ್ಡಿಯಿಂದ ಕಡ್ಡಿಗೆ ಅದನ್ನು ತೆಗೆದುಕೊಂಡುಬಿಟ್ಟೆ. ಎಷ್ಟು ಚೆನ್ನಾಗಿ ಹಿಡಿದೆ ಎಂದು ಜಂಬ ಬೇರೆ. ಮಿಚಿಕೋ-ಸಾನ್ ಮುಖ ಬಿಳಿಚಿಕೊಂಡಿತು. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಆಮೇಲೆ ಹೇಳಿದೆ: ಇಲ್ಲಿ ಹಾಗೆ ಕೊಟ್ಟು ತೆಗೆದುಕೊಳ್ಳುವುದು ದಹನ ಆದಮೇಲೆ, ಮನೆಯವರು ಅಸ್ಥಿ ಆರಿಸುವಾಗ ಮಾತ್ರ. ನಾನು ಭೂಮಿಗೆ ಇಳಿದು ಹೋದೆ. ಹತ್ತು ಸಲ ಸುಮಿಮಾಸೆನ್, ಕ್ಷಮಿಸಿ, ಅಂದೆ. ಕನ್ನಡದಲ್ಲಿ ಇಂಥ ಕೆಲಸಕ್ಕೆ ಏನೆನ್ನುತ್ತಾರೆ ಎಂದು ಮಿಚಿಕೋ-ಸಾನ್ ಕೇಳಿದರು. "ತಪ್ಪು" ಅಂದೆ. ಅವರು ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ಅವರು ಕಲಿತ ನಾಲ್ಕಾರು ಕನ್ನಡ ಮಾತುಗಳಲ್ಲಿ ಅದು ನನ್ನ ಲೆಕ್ಕದ್ದು.

ನೀವಿಬ್ಬರು ಏನೆಂದು ನನಗೆ ತಿಳಿದದ್ದು ಮುಂದಿನ ವರ್ಷ, ನಿನ್ನ ಅಡುಗೆಮನೆಯಲ್ಲಿ. ಚಟ್ನಿಗೆ ಹುರಿಗಡಲೆ ಅಳೆಯುತ್ತಾ, ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದೆ. "ಮಿಚಿಕೋ ನನ್ನ ರೂಮ್‌ಮೇಟ್ ಅಲ್ಲ ಕಣೇ ಸವಿತಾ. ನೀನು ನಿನ್ನ ಗಂಡನ್ನ ನಮ್ಮನೆಯೋರು ಅಂತೀಯಲ್ಲ, ಹಾಗೆ. ಅವಳು ನಮ್ಮನೆಯೋಳು." ನಾನು "ನಂಗೊತ್ತಿತ್ತು ಅಕ್ಕ" ಅಂದೆ. ಶುದ್ಧ ಸುಳ್ಳು. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೇ ದಿನ, ನಾನು ಏನು ಕಳೆದುಕೊಂಡೆ ಎಂದು ನನ್ನನ್ನೇ ಕೇಳಿಕೊಂಡರೆ ಏನೂ ಇಲ್ಲ ಎಂದು ಹೊಳೆಯಿತು. ಆದರೆ ಕನ್ನಡದವರು ಸೇರಿದ ಕಡೆಯಲ್ಲೆಲ್ಲ, ಯಾರಾದರೂ ಕೇಳಿದರೆ, ರೂಮ್‌ಮೇಟ್ ಎಂದೇ ಹೇಳುತ್ತಿದ್ದೆ. ಅದು ನಿನಗೆ ಗೊತ್ತಿತ್ತು ಅಲ್ಲವಾ?

ಇನ್ನೊಂದು ಮಧ್ಯಾಹ್ನ, ಒಂದು ಹಾಳೆ ತಂದು ನನ್ನ ಮುಂದಿಟ್ಟೆ. ನಿಮ್ಮಂಥವರ ಮದುವೆಗೆ ಕಾನೂನಿನಲ್ಲಿ ಜಾಗ ಬೇಕೆಂದು ಕೆಲವರು ಕೋರ್ಟಿಗೆ ಹೋಗಿದ್ದರು. ಇಂಥ ಮನೆಗಳನ್ನು ಹತ್ತಿರದಿಂದ ಕಂಡವರು ಕಂಡದ್ದನ್ನು ಬರೆದುಕೊಡಬೇಕೆಂದು ಅವರ ವಕೀಲರು ಕೇಳಿದ್ದರು. ಮದುವೆಗೆ ಎರಡೂ ಲಿಂಗದವರ ಒಪ್ಪಿಗೆಯೊಂದೇ ಸಾಕು ಎಂದು ಇಲ್ಲಿನ ಸಂವಿಧಾನ ಹೇಳುತ್ತದೆ, ಆ 'ಎರಡೂ' ಎನ್ನುವುದನ್ನೇ ಹಿಡಿದುಕೊಂಡು ಸರ್ಕಾರ ನಿಮಗೆ ಬಾಗಿಲು ಹಾಕಿದೆ ಎಂದು ವಿವರಿಸಿದೆ. ಆಮೇಲೆ ನಿನಗೆ ಸಿಟ್ಟು ಬಂತು. "ಅಪ್ಪಂದಿರು ಹುಡುಗೀರನ್ನ ಯಾರಿಗೋ ಕಟ್ಟಬಾರದು ಅಂತ ಬರೆದ ಮಾತು ಅದು. ಬಿಡಿಸೋಕೆ ಬರೆದಿದ್ದನ್ನ ಅಗುಳಿ ಮಾಡ್ಕೊಂಡಿದಾರೆ ನೋಡು." ಹಾಳೆಯನ್ನು ನನ್ನ ಕಡೆ ಸರಿಸಿ, ನಮ್ಮ ಮನೆಯಲ್ಲಿ ಕಂಡದ್ದನ್ನು ಒಂದು ಪುಟ ಬರೆ, ಸಾಕು, ಅಂದೆ.

ನಾನು ಏನೆಂದೆ? ನಮ್ಮನೆಯವರ ಆಫೀಸು, ವೀಸಾ, ಮಗ ಪ್ರಣವನ ಸ್ಕೂಲು, ಊರಿನಲ್ಲಿ ಅತ್ತೆ-ಮಾವ… "ಈ ದೇಶದ ಉಸಾಬರಿ ನಮಗ್ಯಾಕೆ ಅಕ್ಕ, ನಾವು ನಾಳೆ ಹೋಗೋರು." ಹಾಗಂದ ನಾವು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇವೆ. ನೀನು ಜಗಳ ಆಡಬಹುದಿತ್ತು. ಜಗಳದಲ್ಲಿ ನಿನ್ನನ್ನು ಮೀರಿಸುವವರು ಯಾರಿದ್ದರು? "ಸರಿ ಬಿಡು" ಅಂದು ಹಾಳೆ ಮಡಚಿಟ್ಟು ನನಗೆ ಮಜ್ಜಿಗೆ ಕೊಟ್ಟೆ. ಅದನ್ನು ಕುಡಿದು, ಲೋಟ ತೊಳೆದಿಟ್ಟು ಮನೆಗೆ ಬಂದೆ.

ಲ್ಯಾಬಿನಲ್ಲಿ ನೀನು ಕುಸಿದು ಬಿದ್ದ ದಿನ ಮಿಚಿಕೋ-ಸಾನ್ ಮೊದಲು ಫೋನ್ ಮಾಡಿದ್ದು ನನಗೆ. ನಾನು ಆಸ್ಪತ್ರೆ ಮುಟ್ಟಿದಾಗ ಅವರು ಕೌಂಟರಿನ ಮುಂದೆ ನಿಂತಿದ್ದರು. ನಿಮ್ಮಿಬ್ಬರನ್ನು ಜೋಡಿ ಎಂದು ನಗರಸಭೆ ಕೊಟ್ಟ ಪ್ರಮಾಣಪತ್ರ ಅವರ ಕೈಯಲ್ಲಿತ್ತು. ಅದನ್ನು ಪಡೆದ ದಿನ ನೀನು ಕೇಸರಿಬಾತ್ ಮಾಡಿದ್ದೆ. ಕೌಂಟರಿನ ಹೆಂಗಸು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪೂರ್ತಿ ಓದಿ, ತಲೆಬಾಗಿ ವಾಪಸ್ ಕೊಟ್ಟಳು. ಒರಟು ಮಾತು ಒಂದೂ ಇಲ್ಲ. ಒಳಗೆ ಬಿಡುವುದು ಕುಟುಂಬದವರನ್ನು ಮಾತ್ರ, ಕ್ಷಮಿಸಬೇಕು, ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ಕಣ್ಣಿಗೆ ನಿನ್ನದೇ ಬಣ್ಣದ, ನಿನ್ನದೇ ಮೂಗಿನ ನನ್ನ ಮುಖ. ತಂಗಿಯೇ ಎಂದು ಕೇಳಿದಳು. ಹೂಂ ಅಂದುಬಿಟ್ಟೆ ಅಕ್ಕ. ಕಾಗದದಲ್ಲಿ ಸಂಬಂಧ ಎಂದಿದ್ದ ಕಡೆ ತಂಗಿ ಎಂದು ಬರೆದು ಸಹಿ ಹಾಕಿದೆ. ಒಂದು ದಾಖಲೆಯನ್ನೂ ಯಾರೂ ಕೇಳಲಿಲ್ಲ. ಯಾರಾದರೂ ಒಬ್ಬರು ನಿನ್ನ ಹತ್ತಿರ ಇರಲಿ ಎನ್ನುವುದಷ್ಟೇ ಆಗ ತಲೆಯಲ್ಲಿ ಇದ್ದದ್ದು. ಹದಿನಾರು ವರ್ಷ ನಿನ್ನ ಜೊತೆ ಬಾಳಿದವರು ಹೊರಗಿನ ಕುರ್ಚಿಯಲ್ಲಿ ನಿನ್ನ ಶೂ ಇದ್ದ ಚೀಲ ಹಿಡಿದು ಕೂತರು.

ಒಳಗೆ ನಾನು ನಿನ್ನ ಕೈ ಹಿಡಿದಿದ್ದೆ. ಗೊತ್ತಾಯಿತಾ ನಿನಗೆ? ನೀನು ಒಂದೇ ಸಲ ಕಣ್ಣು ಬಿಟ್ಟೆ. ನನ್ನನ್ನು ನೋಡಿದೆ, ಆಮೇಲೆ ನನ್ನ ಹೆಗಲಾಚೆ ಬಾಗಿಲು ನೋಡಿದೆ. ಬಾಗಿಲನ್ನೇ ನೋಡುತ್ತಿದ್ದೆ. ನಾನಾದರೂ ಎದ್ದು ಹೋಗಿ ಕೂಗಾಡಿ ಅವರನ್ನು ಕರೆತರಬಹುದಿತ್ತು. ನಾನು ತಂಗಿ ಅಲ್ಲ ಎಂದರೆ ನನ್ನನ್ನೂ ಹೊರಗೆ ಹಾಕುತ್ತಾರೆ ಎಂದು ಹೆದರಿದೆ. ಅವರನ್ನು ಒಳಗೆ ಬಿಟ್ಟಾಗ ನೀನು…

ಅಸ್ಥಿ ಆರಿಸುವ ದಿನ ಮೈಸೂರಿನಿಂದ ನಿನ್ನ ಅಣ್ಣ ಬರಲಿಲ್ಲ, ಫೋನಿನಲ್ಲಿ ಎಲ್ಲ ನೀವೇ ನೋಡಿಕೊಳ್ಳಿ ಎಂದರು. ಅಲ್ಲಿನ ಸಿಬ್ಬಂದಿ ಅತಿ ಹತ್ತಿರದವರು ಮೊದಲು ಬನ್ನಿ ಎಂದು ನನ್ನ ಕಡೆಗೆ ಕಡ್ಡಿಗಳನ್ನು ಚಾಚಿದರು. ಅಲ್ಲೂ ನಾನೇ ತಂಗಿ. ಅವತ್ತು ಮಾತ್ರ ನಾನು ಮುಂದೆ ಹೋಗಲಿಲ್ಲ. ಮಿಚಿಕೋ-ಸಾನ್ ತೋಳು ಹಿಡಿದು ಮುಂದೆ ನಿಲ್ಲಿಸಿದೆ. ಪಾದದಿಂದ ಶುರು ಮಾಡಬೇಕಂತೆ, ಗಡಿಗೆಯೊಳಗೆ ನೀನು ತಲೆಕೆಳಗಾಗಬಾರದು ಎಂದು. ಅವರು ಒಂದು ಚೂರನ್ನು ಎತ್ತಿ, ಕಡ್ಡಿಯಿಂದ ನನ್ನ ಕಡ್ಡಿಗೆ ದಾಟಿಸಿದರು. ಹಿಂದಿನ ಎಡವಟ್ಟು ನೆನಪಾಗಿ ನಾನು ಅವರ ಮುಖ ನೋಡಿದೆ. ಅವರು ಕನ್ನಡದಲ್ಲಿ, ಮೆಲ್ಲಗೆ, "ಈಗ ತಪ್ಪು ಇಲ್ಲ" ಎಂದರು. ಅಲ್ಲಿಯವರೆಗೆ ತಡೆದಿದ್ದ ನಾನು ಆಮೇಲೆ ಹೇಗೆ ಅತ್ತೆ ಎಂದು ಹೇಳಲಾರೆ.

ಗಡಿಗೆ ಈಗ ಕೊತಾತ್ಸು ಪಕ್ಕದಲ್ಲಿದೆ. ನಿನಗೆ ಚಳಿ ಆಗದು ಎಂದು ನಮ್ಮಿಬ್ಬರ ಸಮಾಧಾನ. ಹಿಟ್ಟಿನ ಪಾತ್ರೆಯ ಜಾಗ ನಿನ್ನದಾಯಿತು, ನಗಬೇಡ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಒಂದೊಂದು ನ್ಯಾಯಾಲಯ ಒಂದೊಂದು ಥರ ಹೇಳುತ್ತಿದೆ, ಅಗುಳಿ ಇನ್ನೂ ತೆಗೆದಿಲ್ಲ. ಮಿಚಿಕೋ-ಸಾನ್ ಇಲ್ಲಿನ ದಾವೆಗೆ ತಮ್ಮ ಹೆಸರನ್ನೂ ಸೇರಿಸಿದ್ದಾರೆ. ನನ್ನನ್ನು ಅವರು ಏನೂ ಕೇಳಲಿಲ್ಲ. ಆ ಮಡಚಿದ ಹಾಳೆಯನ್ನು ನಾನೇ ಕೇಳಿ ತಂದೆ. ಆಸ್ಪತ್ರೆಯಲ್ಲಿ ಸುಳ್ಳು ಸಹಿ ಹಾಕಿದ್ದೆ ಎಂದು ನಾನೇ ಬರೆದುಕೊಟ್ಟರೆ ವೀಸಾ ರಿನ್ಯೂ ಮಾಡುವಾಗ ಏನು ಗತಿ ಎಂದು ನಮ್ಮನೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಏನು ಗತಿಯೋ ನನಗೂ ಗೊತ್ತಿಲ್ಲ. ಹೆದರಿಕೆ ಇದೆ. ಮೂರನೇ ದಿನ ಅವರೇ ಪ್ರಿಂಟರಿಗೆ ಕಾಗದ ತುಂಬಿಸಿಟ್ಟರು.

ನಾನು ಕನ್ನಡದಲ್ಲಿ ಬರೆದೆ, ಪ್ರಣವ ಜಪಾನಿಗೆ ತಿರುಗಿಸಿದ. ಕನ್ನಡ ಮಾತಾಡು ಎಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗ ನನ್ನ ಒಂದು ಮಾತನ್ನೂ ತಪ್ಪಾಗಿ ತಿಳಿಯಲಿಲ್ಲ. 'ನಮ್ಮನೆಯೋಳು' ಬಂದ ಕಡೆ ನನ್ನನ್ನು ಕೇಳಲೂ ಇಲ್ಲ, ಹೆಂಡತಿ ಎಂದು ಬರೆದು ಮುಂದೆ ಹೋದ.

ಸೋಮವಾರ ಮಿಚಿಕೋ-ಸಾನ್ ಜೊತೆ ಹೋಗಿ ಅದನ್ನು ವಕೀಲರ ಕೈಗೆ ಕೊಡುತ್ತೇನೆ. ನನ್ನ ಹೆಸರು, ವಿಳಾಸ, ಸಹಿ, ಎಲ್ಲ ಇದೆ. ಮೊದಲ ಸಾಲು ಹೀಗಿದೆ ಅಕ್ಕ, ನೀನೇ ಓದು:

ಅವತ್ತು ಒಳಗೆ ಹೋದ ನಾನು ಅವಳ ತಂಗಿಯಲ್ಲ. ಹೊರಗೆ ಕೂತಿದ್ದವರು ಅವಳ ಹೆಂಡತಿ.

ನಿನ್ನ
ಸವಿತಾ