ಅತ್ತೆಯ ಹೊದಿಕೆ

ಅಕ್ಟೋಬರ್ 9, ಸಂಜೆ

ದಿನವಿಡೀ ಅಂಗಡಿಯಲ್ಲಿ ಕನ್ನಡಕ ಒರೆಸಿದೆ. ಮನೆಗೆ ಬಂದು ಅಂಗಳ ಗುಡಿಸಿದೆ. ಗುಡಿಸಿದಷ್ಟೂ ಎಲೆ. ಊಟದ ಪ್ರಾರ್ಥನೆ ನಮ್ಮಲ್ಲಿ ಸರದಿಯ ಪ್ರಕಾರ. ಇಂದು ಹೆಂಡತಿಯದು. "ನೀವೇ ಹೇಳಿ" ಅಂದಳು. ಹೇಳಿದೆ— "ಹಸಿವೆಯ ಕೊಟ್ಟೆ, ಊಟವ ಕೊಟ್ಟೆ, ತಟ್ಟೆ ತೊಳೆಯಲು ನನ್ನನ್ನೂ ಕೊಟ್ಟೆ."

"ಅಪ್ಪಾ, ದೇವರ ತಾಳ್ಮೆಗೂ ಒಂದು ಮಿತಿ ಇದೆ" ಅಂದಳು ಮಗಳು.

ಹೆಂಡತಿ ನಗಲಿಲ್ಲ. ಜೂನ್‌ನಲ್ಲಿ ಅವಳಮ್ಮ, ನನ್ನ ಅತ್ತೆ, ತೀರಿಕೊಂಡಾಗಿನಿಂದ ದೇವರ ಜೊತೆ ಠೂ ಬಿಟ್ಟಿದ್ದಾಳೆ.

ಅಕ್ಟೋಬರ್ 12, ಭಾನುವಾರ

ಚರ್ಚಲ್ಲಿ ಪಾಸ್ಟರ್ ಪ್ರಸಂಗ: ಶರತ್ಕಾಲ ಬಿಟ್ಟುಕೊಡುವುದನ್ನು ಕಲಿಸುತ್ತದೆ. ಹೆಂಡತಿ ನನ್ನ ಕಿವಿಯಲ್ಲಿ: "ಅವರಮ್ಮ ಗಟ್ಟಿಮುಟ್ಟಾಗಿ ಮುಂದಿನ ಬೆಂಚಲ್ಲೇ ಕೂತಿದ್ದಾರೆ."

ಅಕ್ಟೋಬರ್ 18, ಶನಿವಾರ

ಅವಳಿಗೆ ಸಮಾಧಾನವಾಗಲೆಂದು ಒಬ್ಬನೇ ಸ್ಮಶಾನಕ್ಕೆ ಹೋದೆ. ಎಲೆಯಡಿ ಅತ್ತೆಯ ಸಮಾಧಿ ಕಾಣುತ್ತಲೇ ಇರಲಿಲ್ಲ. ಗುಡಿಸಿ, ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದೆ. ಕಲ್ಲನ್ನು ಕನ್ನಡಕದ ಹಾಗೆ ಒರೆಸಿದೆ. ಮನೆಗೆ ಬಂದು ಬೀಗುತ್ತ ವರದಿ ಒಪ್ಪಿಸಿದೆ.

"ಗುಡಿಸಿಬಿಟ್ರಾ?" ಹೆಂಡತಿ ಎದ್ದು ನಿಂತಳು. "ಬೇಕು ಅಂತ್ಲೇ ಬಿಟ್ಟಿದ್ದೆ. ಅಮ್ಮಂಗೆ ಚಳಿ ಆಗಲ್ವಾ?"

ಬುದ್ಧಿ ಹೇಳಲು ಬಾಯಿ ತೆರೆದೆ— ಆತ್ಮ, ಪರಲೋಕ ಇತ್ಯಾದಿ. ಮಗಳು ಕಾಲು ತುಳಿದಳು. ಮುಚ್ಚಿದೆ.

ಅಕ್ಟೋಬರ್ 19, ಭಾನುವಾರ

ಆರಾಧನೆ ಮುಗಿಸಿ ಮೂವರೂ ನಮ್ಮ ಅಂಗಳದ ಎಲೆ ಹೊತ್ತು ಸ್ಮಶಾನಕ್ಕೆ ಹೋದೆವು. ಕಾವಲಿನವನು ಗೇಟಲ್ಲೇ ತಡೆದ.

"ಎಲ್ರೂ ಕಸ ಹೊರಗೆ ಹಾಕ್ತಾರೆ. ನೀವೇನು ಒಳಗೆ ತರ್ತಿದೀರಿ?"

"ಕಸ ಅಲ್ಲಪ್ಪ, ಕಂಬಳಿ" ಅಂದೆ.

ನಮ್ಮ ಮುಖ ನೋಡಿದ. ಬಿಟ್ಟ.

ಹೆಂಡತಿ ಹಿಡಿ ಹಿಡಿಯಾಗಿ ಹರಡಿದಳು. ಕಾಲಿನ ಕಡೆ ದಪ್ಪಗೆ... ಅತ್ತೆಗೆ ಮೊದಲು ತಣ್ಣಗಾಗುತ್ತಿದ್ದದ್ದು ಪಾದ. ಗಾಳಿ ಬೀಸಿತು. ಮರದಿಂದ ರಾಶಿ ಎಲೆ ಸಮಾಧಿಯ ಮೇಲೂ ಅವಳ ತಲೆಯ ಮೇಲೂ ಬಿತ್ತು. ಅವಳು ಮೇಲೆ ನೋಡಿ ಗದರಿದಳು.

"ನಾನು ಹೊದಿಸ್ತಾ ಇದ್ದೀನಲ್ಲ, ಮಧ್ಯೆ ನಿಂದೇನು?"

ನಮಗಲ್ಲ ಹೇಳಿದ್ದು. ಇನ್ನಷ್ಟು ಉದುರಿದವು. ಕೈ ಕಟ್ಟಿ ನೋಡುತ್ತ ನಿಂತಳು. ಕೊನೆಗೆ, ತಗ್ಗಿದ ದನಿಯಲ್ಲಿ—

"ಸರಿ. ರಾತ್ರಿ ಹೊತ್ತು ನೀನೇ ನೋಡ್ಕೋ."

ಮಗಳು "ಆಮೆನ್" ಎಂದಳು.

ಅಕ್ಟೋಬರ್ 20, ಬೆಳಿಗ್ಗೆ

ಅಂಗಳದ ತುಂಬ ಮತ್ತೆ ಎಲೆ. ಪೊರಕೆ ಮುಟ್ಟಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಾಳೆ: "ಬರ್ದಿದ್ದು ಸಾಕು, ಬನ್ನಿ. ತಿಂಡಿ ಆರುತ್ತೆ. ಪ್ರಾರ್ಥನೆ ಇವತ್ತು ನಂದು. ಪ್ರಾಸ ಗೀಸ ಇರಲ್ಲ, ಬೇಜಾರು ಮಾಡ್ಕೋಬೇಡಿ."

ಮಗಳಾಗಲೇ ಕೂತಿದ್ದಾಳೆ. ಹೋಗ—