ಒಪ್ಪಂದದ ಎರಡನೆಯ ಪ್ರತಿ

ಮಂಗಳವಾರ, ಹದಿನಾಲ್ಕು.

ನಿನ್ನೆಯಿಂದ ಕೊರೆಯುತ್ತಿರುವುದು ಒಂದೇ: ಕರೆದರೆ ಆಚೆ ದೇಶದವರು ಬರುತ್ತಾರೆಯೇ? ಸಮುದ್ರದಲ್ಲಿ ಒಬ್ಬರಿಗೆ ಆಪತ್ತು ಬಂದರೆ ಇನ್ನೊಬ್ಬರು ನೆರವಾಗಬೇಕೆಂದು ನಾಳೆ ಎರಡೂ ದೇಶಗಳು ಸಹಿ ಹಾಕುತ್ತವೆ. ಎರಡೂ ಕಡೆ ಓಟಿನ ಸರ್ಕಾರ. ಬೇರೆಯವರು ಗೆದ್ದರೆ ಈ ಮಾತು ಉಳಿಯುತ್ತದೆಯೋ ಇಲ್ಲವೋ. ನನ್ನ ಮಗಳ ಕಾವಲು ಹಡಗು ಇರುವುದು ಅದೇ ಸಮುದ್ರದಲ್ಲಿ.

ಒಪ್ಪಂದದ ಎರಡೂ ಪ್ರತಿಯ ಹಾಳೆ ಜೋಡಿಸಿ ಹೊಲಿದವನು ನಾನೇ. ಅವರ ಪ್ರತಿಯಲ್ಲಿ ಅವರ ದೇಶದ ಹೆಸರು ಮೊದಲಿರಬೇಕು. ನಾನು ಎರಡರಲ್ಲೂ ನಮ್ಮ ಹೆಸರಿನ ಹಾಳೆಯೇ ಮೊದಲು ಬರುವಂತೆ ಹೊಲಿದುಬಿಟ್ಟಿದ್ದೆ.

"ಏನ್ರೀ ಬೈಂಡರ್ ಸಾಹೇಬ್ರೇ, ಬೀಗರನ್ನೇ ಹಿಂದಕ್ಕೆ ತಳ್ಳಿಬಿಟ್ರಲ್ಲ!" ಎಂದರು ನಮ್ಮ ಕಚೇರಿಯ ಮೇಡಂ. ಎಲ್ಲರೂ ನಕ್ಕರು. ನಾನು ಬೆವೆತೆ.

ದಾರ ಬಿಚ್ಚಿ ಮತ್ತೆ ಹೊಲಿಯಲು ಕೂತೆ. ಪ್ರತಿ ನೋಡಲು ಬಂದಿದ್ದ ಅವರ ಕಡೆಯ ಮುದಿ ಬೈಂಡರ್ ಹೇಳದೆಯೇ ಎದುರು ಕೂತು ಹಾಳೆ ಒತ್ತಿ ಹಿಡಿದ. ನನ್ನವಳು ಹೋದ ಮೇಲೆ ಹೀಗೆ ಎದುರು ಕೂತವರೇ ಇಲ್ಲ. ಕಾಲೇಜಿನ ಇಂಗ್ಲಿಷ್ ಕೆದಕಿ, "ಮೈ ಡಾಟರ್, ಶಿಪ್. ಟ್ರಬಲ್ ಕಮ್, ಯುವರ್ ಪೀಪಲ್ ಕಮ್?" ಎಂದೆ.

ಕೈ ತೆಗೆಯದೆ ಅವನೆಂದ, "ಮೈ ಸನ್ ಆಲ್ಸೋ ಶಿಪ್. ಯುವರ್ ಪೀಪಲ್ ಕಮ್?"

ಯಸ್ ಎಂದುಬಿಟ್ಟೆ. ಯಾವ ಧೈರ್ಯದಲ್ಲಿ ಹೇಳಿದೆನೋ. ಅವನೂ ಯಸ್ ಎಂದ. ನಮ್ಮಿಬ್ಬರ ಮಾತನ್ನು ಯಾರು ಕೇಳುತ್ತಾರೆ? ಆದರೂ ಅಷ್ಟು ಹೇಳಿದ ಮೇಲೆ ಹೊಲಿಗೆಯನ್ನು ಇನ್ನಷ್ಟು ಬಿಗಿದೆ. ಬೆಳಕು ಹೋಗುತ್ತಿದೆ, ಬರೆಯುತ್ತಿರುವ ಸಾಲು ಕಾಣುತ್ತಿಲ್ಲ. ಎದ್ದು ದೀಪ ಹಾಕುವುದಕ್ಕೂ ಮನಸ್ಸಿಲ್ಲ; ಇಷ್ಟಕ್ಕೇ ನಿಲ್ಲಿಸುತ್ತೇನೆ.